ಮೈಕಿನ ವಿದ್ಯೆಗೆ ಕಾಲೇಜು ಬೇಕೇ?

ಶ್ರೀಗಂಧದ ಕಾವಲ್‌ನ ಮಕ್ಕಳಿಗೆ ಜ್ಞಾನಭಾರತಿ ದೂರವೇನಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಸಂವಹನ ವಿಭಾಗ ಅಲ್ಲೇ ಇದೆ. ಆದರೂ ಪಿಯುಸಿ ಮುಗಿಸಿದ ಮಗಳು ರೇಡಿಯೋ, ಟೀವಿ ಓದುತ್ತೇನೆಂದರೆ ‘ಅದರಿಂದ ಹೊಟ್ಟೆ ತುಂಬುತ್ತದೆಯೇ’ ಎನ್ನುವವರೇ ಹೆಚ್ಚು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕನ್ನಡ ನಾಡಿನಲ್ಲಿ ಪ್ರಸಾರ ಕಣ್ಣುಬಿಟ್ಟದ್ದೇ ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ‘ವಿಠಲ ವಿಹಾರ’ದಲ್ಲಿ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ನಡೆಸಿದರು, ಅದರ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೂ ಬಂತು. ಬೆಂಗಳೂರಿನಲ್ಲಿ 1943ರಲ್ಲಿ ಶುರುವಾಗಿ ಎಸ್.ಜೆ. ಪಾಲಿಟೆಕ್ನಿಕ್ ಎಂದು ಹೆಸರಾದ ಸಂಸ್ಥೆ ಕ್ಯಾಮೆರಾ, ಧ್ವನಿಗ್ರಹಣಗಳನ್ನು ಡಿಪ್ಲೊಮಾ ಮಟ್ಟಕ್ಕೆ ತಂದಿತು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಓದಿದವರು. ಸಿನಿಮಾ ನಿರ್ದೇಶಕ ಗೋವಿಂದ ನಿಹಲಾನಿಯೂ ಅಲ್ಲೇ ಕಲಿತವರು. ಇಬ್ಬರೂ ನೆಚ್ಚಿದ್ದು ಮುಖವನ್ನಲ್ಲ, ಕೈಕೆಲಸವನ್ನು.

‘ಚಾನೆಲ್ ಸೇರಿದರೆ ಕೆಲಸ ತಾನೇ ಬರುತ್ತದೆ, ಈಗಂತೂ ಮೊಬೈಲೇ ಸ್ಟುಡಿಯೋ’ ಎಂಬ ಆಕ್ಷೇಪ ಅರ್ಧ ನಿಜ. ಬುಲೆಟಿನ್ ಹೊತ್ತಿನಲ್ಲಿ ಹೊಸಬರನ್ನು ಕೂರಿಸಿಕೊಂಡು ಹೇಳಿಕೊಡಲು ಯಾರಿಗೆ ಪುರುಸೊತ್ತು? ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಕಾಲೇಜಿನಲ್ಲೇ ಸಿಗಬೇಕು. ಐದು ನಿಮಿಷದ ಭಾಷಣವೊಂದನ್ನು ಧ್ವನಿಮುದ್ರಿಸಿ ನೋಡಿ: ಮೈಕಿಗೆ ತೀರಾ ಹತ್ತಿರ ಕೂತರೆ ‘ಪ’ಕಾರ ಬಂದಾಗಲೆಲ್ಲ ಉಸಿರು ಬಡಿಯುತ್ತದೆ, ಹಾಳೆ ತಿರುವಿದರೆ ಸರಬರ ಕೇಳುತ್ತದೆ. ಅದನ್ನೇ ಅರ್ಥ ಕೆಡದಂತೆ ನಾಲ್ಕೂವರೆ ನಿಮಿಷಕ್ಕೆ ಇಳಿಸುವುದು ಇನ್ನೂ ಕಷ್ಟ. ಶಿಕ್ಷಣ ಸಂಸ್ಥೆಗಳಿಗೆ ಸ್ವಂತ ರೇಡಿಯೋ ನಡೆಸಲು ಕೇಂದ್ರ ಸರ್ಕಾರ 2002ರಲ್ಲಿ ಒಪ್ಪಿದ ಮೇಲೆ ಬೆಂಗಳೂರಿನ ‘ರೇಡಿಯೋ ಆಕ್ಟಿವ್’, ಮಂಗಳೂರಿನ ‘ಸಾರಂಗ್’ನಂಥ ಕೇಂದ್ರಗಳು ಹುಟ್ಟಿದವು. ಅಲ್ಲಿ ಎಡವಿದರೆ ಕೇಳುಗರು ನಕ್ಕಾರು, ಕೆಲಸವೇನೂ ಹೋಗದು.

ಇನ್ನು ಉದ್ಯೋಗ. ಆಕಾಶವಾಣಿಯಲ್ಲಿ ಕಾಯಂ ನೇಮಕಾತಿ ಅಪರೂಪ. ಹಂಗಾಮಿ ಉದ್ಘೋಷಕರಿಗೆ ತಿಂಗಳಿಗೆ ಸಿಗುವುದು ಕೆಲವೇ ಪಾಳಿ. ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಓದುವ ಅನುಮತಿಯೇ ಇಲ್ಲ. ನಿರೂಪಕಿಯಾಗಬೇಕೆಂದಷ್ಟೇ ಹೊರಟವರಿಗೆ ದಾರಿ ಇಕ್ಕಟ್ಟು, ನಿಜ. ಆದರೆ ಕನ್ನಡದಲ್ಲಿ ದಶಕಗಳ ಕಾಲ ಮುಚ್ಚಿದ್ದ ಡಬ್ಬಿಂಗ್ ಬಾಗಿಲು, ಅದನ್ನು ತಡೆಯುತ್ತಿದ್ದವರ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಬಳಿಕ ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲೇ ಬಂತು. ಅಂಥ ಪ್ರತಿ ಕಂತಿಗೂ ಸಂಭಾಷಣೆ ಬರೆಯುವವರು, ಕಂಠ ಕೊಡುವವರು, ಧ್ವನಿ ಕೂಡಿಸುವವರು ಬೇಕು. ಥಿಯರಿ ಬಾಯಿಪಾಠ ಮಾಡಿಸಿ ಪದವಿ ಹಂಚುವ ಕೋರ್ಸುಗಳಿಂದ ಇವರು ತಯಾರಾಗುವುದಿಲ್ಲ. ಅಂಥವನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಸೀಟು ಕೇಳಲು ಹೋದ ಅಪ್ಪ ಅಮ್ಮ ಪ್ಲೇಸ್‌ಮೆಂಟ್ ಪಟ್ಟಿ ತಿರುವುವ ಮೊದಲು, ಸ್ಟುಡಿಯೋ ವಾರಕ್ಕೆ ಎಷ್ಟು ಗಂಟೆ ಮಕ್ಕಳ ಕೈಗೆ ಸಿಗುತ್ತದೆ ಎಂದು ವಿಚಾರಿಸಲಿ.