ವ್ಯಾಷ್ಟಿ ಬನ್ಯನ್: ಮೆಲುದನಿಯ ಐವತ್ತು ವರ್ಷ

ವ್ಯಾಷ್ಟಿ ಬನ್ಯನ್ ಹಾಡಿದರೆ, ಮಲಗಿದ ಮಗು ಏಳದಿರಲೆಂದು ಪಕ್ಕದ ಕೋಣೆಯಲ್ಲಿ ಯಾರೋ ಗುನುಗುತ್ತಿರುವ ಹಾಗೆ ಕೇಳುತ್ತದೆ. ಇಂಥ ದನಿಯ ಸುತ್ತ ಯಾವ ವಾದ್ಯ ಇರಬೇಕು, ಎಷ್ಟಿರಬೇಕು ಎಂದು ಯಾರು ಹೇಳಬೇಕು? ಆಕೆಯ ಸಂಗೀತದ ಹಾದಿಯುದ್ದಕ್ಕೂ ನನಗೆ ಕಾಣುವುದು ಈ ಪ್ರಶ್ನೆಯೇ.

1945ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವ್ಯಾಷ್ಟಿ, ಚಿತ್ರ ಕಲಿಯಲೆಂದು ಆಕ್ಸ್‌ಫರ್ಡಿನ ರಸ್ಕಿನ್ ಕಲಾಶಾಲೆ ಸೇರಿದರು. ಕುಂಚ ಬಿಟ್ಟು ಹಾಡು ಕಟ್ಟುತ್ತ ಕೂತದ್ದಕ್ಕೆ ಅಲ್ಲಿಂದ ಹೊರಬಿದ್ದರು. ರೋಲಿಂಗ್ ಸ್ಟೋನ್ಸ್ ತಂಡದ ಮ್ಯಾನೇಜರ್ ಆಂಡ್ರ್ಯೂ ಲೂಗ್ ಓಲ್ಡ್‌ಹ್ಯಾಮ್ 1965ರಲ್ಲಿ ಆಕೆಯ ಮೊದಲ ರೆಕಾರ್ಡ್ ತಂದರು. ಮುಂಬದಿಯಲ್ಲಿ ಆ ತಂಡದ ಜ್ಯಾಗರ್ ಮತ್ತು ರಿಚರ್ಡ್ಸ್ ಬರೆದ ಹಾಡು, ಅದಕ್ಕೆ ತುಂಬು ವಾದ್ಯಮೇಳ. ಆಕೆಯದೇ ಹಾಡಿಗೆ ಸಿಕ್ಕಿದ್ದು ಹಿಂಬದಿ. ಮರುವರ್ಷ ‘ಟ್ರೇನ್ ಸಾಂಗ್’ ಬಂತು. ಎರಡೂ ಓಡಲಿಲ್ಲ.

1968ರಲ್ಲಿ ಆಕೆ ಸಂಗಾತಿಯೊಡನೆ ಕುದುರೆಗಾಡಿ ಕಟ್ಟಿಕೊಂಡು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕಡೆಗೆ ಹೊರಟರು. ಗಾಯಕ ಡೊನೊವನ್ ಅಲ್ಲಿ ಕಲಾವಿದರ ನೆಲೆಯೊಂದನ್ನು ಮಾಡಲಿದ್ದರು. ಬೆಸ್ ಎಂಬ ಕುದುರೆಯ ನಡಿಗೆಯೇ ದಿನದ ವೇಗ. ಅದಕ್ಕೆ ಹೆಜ್ಜೆ ಹಾಕುತ್ತಲೇ ಹಾಡುಗಳು ಹುಟ್ಟಿದವು. ತಲುಪುವ ಹೊತ್ತಿಗೆ ಆ ನೆಲೆ ಚದುರಿತ್ತು, ಹಾಡುಗಳು ಉಳಿದವು.

ಅವನ್ನು 1969ರ ಕೊನೆಯಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಿಸಿದವರು ನಿರ್ಮಾಪಕ ಜೋ ಬಾಯ್ಡ್. ಕೆಲವು ಹಾಡುಗಳಿಗೆ ರಾಬರ್ಟ್ ಕರ್ಬಿ ವಾದ್ಯಸಂಯೋಜನೆ ಮಾಡಿದರು. ಉಳಿದ ಕಡೆ ಬ್ಯಾಂಜೋ, ಪಿಟೀಲು ಹಿಡಿದ ಜನಪದ ವಾದಕರು ಸೇರಿದರು. ತನ್ನನ್ನು ಜನಪದ ಗಾಯಕಿ ಎಂದು ಕರೆಯುವುದನ್ನು ವ್ಯಾಷ್ಟಿ ಯಾವತ್ತೂ ಒಪ್ಪಲಿಲ್ಲ, ಆದರೂ ಆ ಹಣೆಪಟ್ಟಿ ಅಂಟಿಕೊಂಡಿದ್ದು ಇಲ್ಲಿಂದಲೇ. ‘ಜಸ್ಟ್ ಅನದರ್ ಡೈಮಂಡ್ ಡೇ’ 1970ರಲ್ಲಿ ಹೊರಬಂದಾಗ ಕೊಂಡವರು ಬೆರಳೆಣಿಕೆ. ಆಕೆ ಗಿಟಾರ್ ಬದಿಗಿಟ್ಟು ಮಕ್ಕಳು, ದನಕರು ಎಂದು ಬದುಕಿದರು.

ಹೀಗಾದದ್ದು ಆಕೆಯೊಬ್ಬರಿಗೇ ಅಲ್ಲ. ಇಂಗ್ಲೆಂಡಿನ ಗಾಯಕಿ ಆ್ಯನ್ ಬ್ರಿಗ್ಸ್ ಎಪ್ಪತ್ತರ ದಶಕದ ಮೊದಲಲ್ಲೇ ಹಾಡು ನಿಲ್ಲಿಸಿದರು. ಅಮೆರಿಕದ ಲಿಂಡಾ ಪರ್ಹ್ಯಾಕ್ಸ್ 1970ರಲ್ಲಿ ಒಂದೇ ಆಲ್ಬಮ್ ಕೊಟ್ಟು ದಂತ ಚಿಕಿತ್ಸಾಲಯದ ಕೆಲಸಕ್ಕೆ ಮರಳಿದರು. ಮೆಲ್ಲಗೆ ಹಾಡುವವರಿಗೆ ಕಾಯುವ ತಾಳ್ಮೆ ಆಗಿನ ರೆಕಾರ್ಡ್ ಮಾರುಕಟ್ಟೆಗೆ ಇರಲಿಲ್ಲ ಎಂದೇ ನನ್ನ ನಂಬಿಕೆ.

ತೊಂಬತ್ತರ ದಶಕದ ಕೊನೆಯಲ್ಲಿ ವ್ಯಾಷ್ಟಿ ಇಂಟರ್ನೆಟ್ಟಿನಲ್ಲಿ ತನ್ನದೇ ಹೆಸರು ಹುಡುಕಿದಾಗ, ‘ಜಸ್ಟ್ ಅನದರ್ ಡೈಮಂಡ್ ಡೇ’ಗಾಗಿ ಸಂಗ್ರಾಹಕರು ಹಂಬಲಿಸುತ್ತಿರುವುದು ತಿಳಿಯಿತು. 2000ದಲ್ಲಿ ಅದು ಮರುಬಿಡುಗಡೆಯಾಯಿತು. ಯುವಗಾಯಕ ಡೆವೆಂಡ್ರ ಬ್ಯಾನ್‌ಹಾರ್ಟ್ ಆಕೆಗೆ ಪತ್ರ ಬರೆದು ಸಲಹೆ ಕೇಳಿದ್ದರು. 2005ರ ‘ಲುಕಾಫ್ಟರಿಂಗ್’ ಆಲ್ಬಮ್ಮಿನಲ್ಲಿ ಅವರೂ ನುಡಿಸಿದರು. ಮೊದಲ ಆಲ್ಬಮ್ಮಿಗೂ ಇದಕ್ಕೂ ನಡುವೆ 35 ವರ್ಷ! ನಿರ್ಮಾಪಕ ಮ್ಯಾಕ್ಸ್ ರಿಕ್ಟರ್ ಆ ದನಿಯ ಸುತ್ತ ಬೇಕಾದಷ್ಟು ಜಾಗ ಬಿಟ್ಟರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 2014ರ ‘ಹಾರ್ಟ್‌ಲೀಪ್’. ಅದರ ಬಹುಪಾಲನ್ನು ಮನೆಯ ಸ್ಟುಡಿಯೋದಲ್ಲಿ ಆಕೆಯೇ ಧ್ವನಿಮುದ್ರಿಸಿ, ವಾದ್ಯಗಳನ್ನೂ ತಾನೇ ಹೊಂದಿಸಿದರು. ಪಿಯಾನೋದ ಮೇಲೆ ಎರಡೂ ಕೈ ಒಟ್ಟಿಗೆ ಓಡುತ್ತಿರಲಿಲ್ಲ. ಒಂದು ಕೈಯ ಸ್ವರ ಮೊದಲು ನುಡಿಸಿ, ಇನ್ನೊಂದರದ್ದು ಆಮೇಲೆ ನುಡಿಸಿ, ಕಂಪ್ಯೂಟರಿನಲ್ಲಿ ಜೋಡಿಸಿದರು.