ವಿಶ್ವವಿದ್ಯಾನಿಲಯ ಪ್ರತಿಷ್ಠೆ
ಉನ್ನತ ಶಿಕ್ಷಣ ಸಂಸ್ಥೆಯೊಂದಕ್ಕೆ ವಿದ್ಯಾರ್ಥಿಗಳು, ವಿದ್ವಾಂಸರು ಹಾಗೂ ಉದ್ಯೋಗದಾತರಲ್ಲಿರುವ ಮನ್ನಣೆ. ಶ್ರೇಯಾಂಕ ಮತ್ತು ಕ್ರೀಡಾಸಾಧನೆ ಇದನ್ನು ರೂಪಿಸುವ ಅಂಶಗಳಲ್ಲಿ ಸೇರಿವೆ. ಅಮೆರಿಕದ ಐವಿ ಲೀಗ್ 1954ರಲ್ಲಿ ಎಂಟು ವಿಶ್ವವಿದ್ಯಾನಿಲಯಗಳ ಕ್ರೀಡಾ ಒಕ್ಕೂಟವಾಗಿ ರೂಪುಗೊಂಡು, ಮುಂದೆ ವಿದ್ವತ್ತಿನ ಹಿರಿಮೆಗೆ ಪರ್ಯಾಯ ಹೆಸರಾಯಿತು. ಭಾರತದಲ್ಲಿ 2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ಚೌಕಟ್ಟು (ಎನ್‌ಐಆರ್‌ಎಫ್) 2016ರಿಂದ ಪಟ್ಟಿ ಪ್ರಕಟಿಸುತ್ತಿದೆ. ಬೋಧನೆ, ಸಂಶೋಧನೆ, ಪದವಿ ಫಲಿತಾಂಶ, ಒಳಗೊಳ್ಳುವಿಕೆ ಮತ್ತು ವರ್ಚಸ್ಸು ಇದರ ಐದು ಮಾನದಂಡಗಳು. ವಿಶ್ವವಿದ್ಯಾನಿಲಯ ವಿಭಾಗದಲ್ಲಿ 2016ರಿಂದ 2024ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸತತವಾಗಿ ಪ್ರಥಮ ಸ್ಥಾನದಲ್ಲಿತ್ತು. ಅಂತರ ವಿಶ್ವವಿದ್ಯಾನಿಲಯ ಕ್ರೀಡೆಗಳ ಸಮಗ್ರ ಸಾಧನೆಗೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956-57ರಲ್ಲಿ ಆರಂಭವಾಯಿತು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾನಿಲಯ 20 ಚಿನ್ನದ ಪದಕಗಳೊಂದಿಗೆ ಅಗ್ರಸ್ಥಾನ ಪಡೆಯಿತು. ವಿಶ್ವವಿದ್ಯಾನಿಲಯ ತಂಡಗಳು ರೂಪುಗೊಳ್ಳುವುದು ಕಾಲೇಜು ಮಟ್ಟದಿಂದ; ಉದಾಹರಣೆಗೆ, ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾನಿಲಯದ (ಸ್ಥಾಪನೆ 2009) ವ್ಯಾಪ್ತಿಗೆ ಸೇರಿವೆ. ಅಂತರ ಕಾಲೇಜು ಕೂಟಗಳು ಆ ವಿಶ್ವವಿದ್ಯಾನಿಲಯದ ತಂಡಗಳ ಆಯ್ಕೆಗೆ ಆಧಾರ.