ಬಿಟ್ಟಲ್ಲಿಂದಲೇ ಮುಂದುವರಿಯಲು: ಕಾಂಟೆಕ್ಸ್ಟ್ ಸ್ವಿಚ್ ನಡೆದು ಬಂದ ದಾರಿ

ಒಂದೇ ಪ್ರೊಸೆಸರ್ ಹತ್ತಾರು ಪ್ರೋಗ್ರಾಂಗಳನ್ನು ಓಡಿಸುವುದು ಸರದಿಯ ಮೇಲೆ. ಸರದಿ ಮುಗಿದ ಪ್ರೋಗ್ರಾಂ ಎಲ್ಲಿ ನಿಂತಿತು, ಪ್ರೊಸೆಸರಿನೊಳಗಿನ ಯಾವ ರಿಜಿಸ್ಟರಿನಲ್ಲಿ ಏನಿತ್ತು ಎಂಬುದನ್ನು ಮೆಮೊರಿಯಲ್ಲಿ ತೆಗೆದಿಟ್ಟು, ಮುಂದಿನದರ ಸ್ಥಿತಿಯನ್ನು ತುಂಬಿಕೊಳ್ಳುವ ಕೆಲಸವೇ ಕಾಂಟೆಕ್ಸ್ಟ್ ಸ್ವಿಚ್. ಒಂದು ರಿಜಿಸ್ಟರ್ ತಪ್ಪಿದರೂ ಪ್ರೋಗ್ರಾಂ ಕುಸಿಯಬಹುದು, ಇಲ್ಲವೇ ಸದ್ದಿಲ್ಲದೆ ತಪ್ಪು ಉತ್ತರ ಕೊಡಬಹುದು. ಏನನ್ನು ಉಳಿಸಬೇಕು, ಯಾರು ಉಳಿಸಬೇಕು ಎಂಬ ಎರಡು ಪ್ರಶ್ನೆಗಳ ಸುತ್ತಲೇ ಆರು ದಶಕಗಳಿಂದ ಈ ಕ್ಷೇತ್ರ ಬೆಳೆದಿದೆ.

1961ರ ನವೆಂಬರಿನಲ್ಲಿ ಎಂಐಟಿಯ ಫರ್ನಾಂಡೊ ಕೊರ್ಬಾಟೊ ತಂಡ ಸಿಟಿಎಸ್‌ಎಸ್ ಎಂಬ ಕಾಲಹಂಚಿಕೆಯ ವ್ಯವಸ್ಥೆಯನ್ನು ಐಬಿಎಂ 709 ಯಂತ್ರದ ಮೇಲೆ ತೋರಿಸಿತು. ಆಗ ಸರದಿ ಬದಲಾದರೆ ಪ್ರೋಗ್ರಾಂ ಇಡಿಯಾಗಿ ಟೇಪಿಗೆ ಹೋಗಬೇಕಿತ್ತು. ಅದರ ಮುಂದೆ ರಿಜಿಸ್ಟರುಗಳನ್ನು ಉಳಿಸುವ ಹೊತ್ತು ಲೆಕ್ಕಕ್ಕೇ ಬರುತ್ತಿರಲಿಲ್ಲ.

1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ/360 ಸ್ಥಿತಿ ಉಳಿಸುವ ಹೊಣೆಯನ್ನು ಯಂತ್ರಕ್ಕೂ ಸಾಫ್ಟ್‌ವೇರಿಗೂ ಹಂಚಿತು. ಓಟವನ್ನು ನಡುವೆ ತಡೆಯುವ ಇಂಟರಪ್ಟ್ ಬಂದೊಡನೆ ಯಂತ್ರವೇ 8 ಬೈಟಿನ ಪಿಎಸ್‌ಡಬ್ಲ್ಯೂ ಅನ್ನು, ಅಂದರೆ ಮುಂದಿನ ಆದೇಶದ ವಿಳಾಸ ಮತ್ತು ಯಂತ್ರಸ್ಥಿತಿಯನ್ನು, ಗೊತ್ತುಪಡಿಸಿದ ಜಾಗದಲ್ಲಿ ಇಟ್ಟು ಹೊಸದನ್ನು ತುಂಬಿಕೊಳ್ಳುತ್ತಿತ್ತು. ಉಳಿದ 16 ಸಾಮಾನ್ಯ ರಿಜಿಸ್ಟರುಗಳನ್ನು ಉಳಿಸುವುದು ಸಾಫ್ಟ್‌ವೇರಿನ ಕೆಲಸ. ಅದಕ್ಕೂ ಒಂದೇ ಆದೇಶ ಸಾಕಿತ್ತು.

ಸಾಫ್ಟ್‌ವೇರಿನ ಪಾಲು ಎಷ್ಟು ನಾಜೂಕಿನದು ಎಂಬುದಕ್ಕೆ 1975ರ ಯೂನಿಕ್ಸ್ ಆರನೇ ಆವೃತ್ತಿ ಸಾಕ್ಷಿ. ಅದರ ಸ್ವಿಚ್ ಕೋಡಿನಲ್ಲಿ, ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆಯಿಲ್ಲ ಎಂಬ ಅರ್ಥದ ಟಿಪ್ಪಣಿಯಿತ್ತು. ಒಂದು ಫಂಕ್ಷನ್ ಉಳಿಸಿದ ಸ್ಟಾಕಿಗೆ ಮರಳಿ, ಇನ್ನೊಂದು ಫಂಕ್ಷನ್ನಿನ ಮೂಲಕ ಹಿಂತಿರುಗುವ ಉಪಾಯ ಅದು. ಅದು ಓಡುತ್ತಿದ್ದ ಪಿಡಿಪಿ-11 ಯಂತ್ರದ ಕಂಪೈಲರ್ ಎಲ್ಲ ಫಂಕ್ಷನ್ನುಗಳಲ್ಲೂ ರಿಜಿಸ್ಟರುಗಳನ್ನು ಒಂದೇ ರೀತಿ ಉಳಿಸುತ್ತಿದ್ದುದರಿಂದ ಅದು ನಡೆಯಿತು. ಬೇರೆ ಯಂತ್ರಕ್ಕೆ ಒಯ್ಯುವಾಗ ಮುರಿದುಬಿತ್ತು. ನಮಗೂ ಅದು ಸರಿಯಾಗಿ ಅರ್ಥವಾಗಿರಲಿಲ್ಲ ಎಂದು ಯೂನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ ಮುಂದೆ ಬರೆದರು. ಏಳನೇ ಆವೃತ್ತಿಯಲ್ಲಿ ಆ ವಿಧಾನವನ್ನೇ ಬದಲಿಸಲಾಯಿತು.

1985ರ ಇಂಟೆಲ್ 80386 ಇಡೀ ಹೊಣೆಯನ್ನು ಹಾರ್ಡ್‌ವೇರಿಗೆ ಕೊಡಲು ನೋಡಿತು. ಪ್ರತಿ ಟಾಸ್ಕಿಗೆ ಕನಿಷ್ಠ 104 ಬೈಟಿನ ಟಿಎಸ್‌ಎಸ್, ಅಂದರೆ ಅದರ ಸ್ಥಿತಿಯನ್ನು ಇಡುವ ಮೆಮೊರಿ ಜಾಗ. ಒಂದು ಜಿಗಿತದ ಆದೇಶಕ್ಕೆ ಸಾಮಾನ್ಯ ರಿಜಿಸ್ಟರುಗಳೆಲ್ಲ ಅದಲುಬದಲು. ಲಿನಕ್ಸಿನ ಮೊದಲ ಆವೃತ್ತಿಗಳು ಇದನ್ನೇ ನೆಚ್ಚಿಕೊಂಡಿದ್ದವು. ಆದರೆ ಬೇಕಿರಲಿ ಬೇಡದಿರಲಿ ಅದು ಎಲ್ಲವನ್ನೂ ಬದಲಿಸುತ್ತಿತ್ತು. ಬೇಕಾದಷ್ಟನ್ನೇ ಉಳಿಸುವ ಸಾಫ್ಟ್‌ವೇರ್ ಮಾರ್ಗಕ್ಕೆ ಲಿನಕ್ಸ್ ಹೊರಳಿತು. 64-ಬಿಟ್ ವಿನ್ಯಾಸದಲ್ಲಿ ಎಎಂಡಿ ಆ ಸೌಲಭ್ಯವನ್ನೇ ಕೈಬಿಟ್ಟಿತು.

ಬೇಕಾದಷ್ಟು ಎಂದರೆ ಎಷ್ಟು? ಎಂಐಟಿಯ ಬೋಧನಾ ವ್ಯವಸ್ಥೆ ಎಕ್ಸ್‌ವಿ6 ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರ ರಿಸ್ಕ್-ವಿ ಆವೃತ್ತಿಯಲ್ಲಿ ಬಳಕೆದಾರರ ಪ್ರೋಗ್ರಾಂ ವ್ಯವಸ್ಥೆಯ ತಿರುಳಾದ ಕರ್ನಲ್ಲಿಗೆ ಬಂದಾಗ 31 ರಿಜಿಸ್ಟರುಗಳನ್ನೂ ಉಳಿಸುತ್ತಾರೆ, ಏಕೆಂದರೆ ಇಂಟರಪ್ಟ್ ಯಾವ ಗಳಿಗೆಯಲ್ಲಾದರೂ ಬರಬಹುದು. ಕರ್ನಲ್ ಒಳಗಿನ ಸ್ವಿಚ್ಚಿಗೆ ಮಾತ್ರ 14 ಸಾಕು: ಹಿಂತಿರುಗುವ ವಿಳಾಸ, ಸ್ಟಾಕ್ ಪಾಯಿಂಟರ್, ಕರೆಸಿಕೊಂಡ ಫಂಕ್ಷನ್ ಕಾಪಾಡಲೇಬೇಕಾದ ಇತರ 12. ಮಿಕ್ಕವುಗಳಲ್ಲಿ ಬೇಕಾದುದನ್ನು ಕಂಪೈಲರ್ ಆಗಲೇ ಸ್ಟಾಕಿನಲ್ಲಿ ಇಟ್ಟಿರುತ್ತದೆ.

ಮಿತವ್ಯಯಕ್ಕೂ ಒಂದು ಎಲ್ಲೆಯಿದೆ. ಫ್ಲೋಟಿಂಗ್ ಪಾಯಿಂಟ್ ಲೆಕ್ಕದ ಎಫ್‌ಪಿಯು ರಿಜಿಸ್ಟರುಗಳನ್ನು ಎಲ್ಲ ಪ್ರೋಗ್ರಾಂಗಳೂ ಬಳಸುವುದಿಲ್ಲ. ಹಾಗಾಗಿ ಹಳೆಯ ಬೆಲೆಗಳನ್ನು ಅಲ್ಲೇ ಬಿಟ್ಟು, ಹೊಸ ಪ್ರೋಗ್ರಾಂ ಅವನ್ನು ಮುಟ್ಟಿದಾಗಷ್ಟೇ ಬದಲಿಸುವ ರೂಢಿ ಬಹುಕಾಲ ನಡೆಯಿತು. 2018ರ ಜೂನ್‌ನಲ್ಲಿ ಬಯಲಾದ ದೋಷ ಅದರ ಅಪಾಯವನ್ನು ತೋರಿಸಿತು: ಇಂಟೆಲ್ ಪ್ರೊಸೆಸರುಗಳ ಊಹಾತ್ಮಕ ಓಟದಲ್ಲಿ, ಅಂದರೆ ಮುಂದಿನ ಆದೇಶಗಳನ್ನು ಊಹಿಸಿ ಮುಂಚೆಯೇ ನಡೆಸುವಾಗ, ಒಂದು ಪ್ರೋಗ್ರಾಂ ಬಿಟ್ಟ ಬೆಲೆಗಳನ್ನು ಇನ್ನೊಂದು ಕದ್ದು ತಿಳಿಯಬಹುದಿತ್ತು. ಎನ್‌ಕ್ರಿಪ್ಷನ್ನಿನ ಕೀಲಿಗಳೂ ಆ ರಿಜಿಸ್ಟರುಗಳಲ್ಲಿ ಇರಬಹುದು. ಪ್ರತಿ ಸ್ವಿಚ್ಚಿನಲ್ಲೂ ಪೂರ್ತಿ ಬದಲಿಸುವುದೇ ಪರಿಹಾರವಾಯಿತು.

ಈಗ ಹೊರೆ ಹೆಚ್ಚಿದೆ. ಒಟ್ಟಿಗೆ ಹಲವು ಸಂಖ್ಯೆಗಳನ್ನು ಲೆಕ್ಕ ಹಾಕುವ ಎವಿಎಕ್ಸ್-512ರ ಮುಖ್ಯ ರಿಜಿಸ್ಟರುಗಳೇ 2 ಕೆಬಿ, ಮ್ಯಾಟ್ರಿಕ್ಸ್ ಲೆಕ್ಕದ ಎಎಂಎಕ್ಸ್‌ನ ಟೈಲ್ ಎಂಬ ರಿಜಿಸ್ಟರುಗಳು 8 ಕೆಬಿ. ಅದಕ್ಕಾಗಿ ಲಿನಕ್ಸ್ ಹೊಸ ನಿಯಮ ತಂದಿದೆ: ಎಎಂಎಕ್ಸ್ ಬೇಕಾದ ಪ್ರೋಗ್ರಾಂ ಮೊದಲು ಕರ್ನಲ್ಲಿನ ಅನುಮತಿ ಕೇಳಬೇಕು. ಕೇಳಿದವರಿಗಷ್ಟೇ ಜಾಗ ಮೀಸಲು. ನನಗೆ ಇದು ಸರಿಯಾದ ದಾರಿಯಾಗಿ ಕಾಣುತ್ತದೆ. ರಿಜಿಸ್ಟರ್ ಸೇರಿಸುವುದು ಚಿಪ್ ಮಾಡುವವರ ಕೈಯಲ್ಲಿದೆ, ಅದನ್ನು ಕಾಪಾಡುವ ವೆಚ್ಚ ಮಾತ್ರ ಪ್ರತಿ ಸ್ವಿಚ್ಚಿನಲ್ಲೂ ಬೀಳುತ್ತದೆ. ಆ ವೆಚ್ಚವನ್ನು ವಿನ್ಯಾಸದ ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕು.